ಉಪ್ಪಿನ ಋಣ

ಕನ್ನಡದ ಗಾದೆಗಳಲ್ಲಿ ಉಪ್ಪಿಗೆ ದೊರೆತಿರುವ ಮರ್ಯಾದೆ ಚಿನ್ನಕ್ಕೂ ದೊರೆತಿಲ್ಲ. ತಾಯಿಗಿಂತ ಬಂಧುವಿಲ್ಲವೆಂದು ಹೇಳಹೊರಟವನಿಗೆ ಜೊತೆಮಾತಾಗಿ ಒದಗಿದ್ದು ಉಪ್ಪಿನ ರುಚಿ. ಕೃತಘ್ನನನ್ನು ಹಳಿಯಬೇಕಾದಾಗ ನೆನಪಿಗೆ ಬರುವುದು ಅವನು ಉಪ್ಪು ತಿಂದ ಮನೆ. ಮಾಡಿದ್ದನ್ನು ಉಣ್ಣಲೇಬೇಕೆಂಬ ನೀತಿಗೆ ಉಪ್ಪು ತಿಂದವನ ಬಾಯಾರಿಕೆಯೇ ಸಾಕ್ಷಿ. ಇಷ್ಟೆಲ್ಲ ಗೌರವ ತೋರಿಸುವ ನಾವೇ ಅಂಗಡಿಯ ಮುಂದೆ ನಿಂತು, “ಉಪ್ಪು ತಾನೆ, ಅದಕ್ಕೇನು ಮಹಾ ಬೆಲೆ!” ಎಂದೂ ಅನ್ನುತ್ತೇವೆ. ಕಡಲಿನಲ್ಲಿ ಉಪ್ಪಿಗೆ ಬರವಿಲ್ಲವೆಂಬುದೇನೋ ನಿಜ. ಆದರೆ ಅದನ್ನು ನೀರಿನ ಅಪ್ಪುಗೆಯಿಂದ ಬಿಡಿಸಿ ತರುವುದಿದೆಯಲ್ಲ, ಅದು ಸುಲಭದ ಕೆಲಸವಲ್ಲ.

ಶಿರಸಿ ಸೀಮೆಯ ಹುಲೇಕಲ್ಲಿನಲ್ಲಿ ಹುಟ್ಟಿ ಬೆಳೆದವನಿಗೆ ಉಪ್ಪಿನ ಮಹಿಮೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಅಡಕೆ ಬೆಳೆಯುತ್ತದೆ, ಮೆಣಸು ಬೆಳೆಯುತ್ತದೆ, ಏಲಕ್ಕಿ, ಬಾಳೆ, ಕಬ್ಬು ಎಲ್ಲವೂ ಬೆಳೆಯುತ್ತವೆ, ಉಪ್ಪೊಂದು ಬೆಳೆಯುವುದಿಲ್ಲ. ಮೋಟಾರು ದಾರಿಗಳು ಆಗುವುದಕ್ಕೆ ಮೊದಲು ಹೇರೆತ್ತುಗಳು ಘಟ್ಟದ ಮೇಲಿನ ಮೆಣಸನ್ನೂ ಅಡಕೆಯನ್ನೂ ಕರಾವಳಿಗೆ ಇಳಿಸಿ, ಬರುವಾಗ ಉಪ್ಪನ್ನು ಹೊತ್ತು ಏರುತ್ತಿದ್ದವು. ಬೆಟ್ಟದ ನೆಲ್ಲಿಗೂ ಕಡಲಿನ ಉಪ್ಪಿಗೂ ಇರುವ ನಂಟನ್ನು ಕಂಡು ಅಲ್ಲಮಪ್ರಭು ಬೆರಗಾದನೆಂದು ನಾನು ತರಗತಿಯಲ್ಲಿ ಪಾಠ ಹೇಳುತ್ತೇನೆ. ನಮ್ಮ ಕಡೆಯ ಹೆಂಗಸರು ಆ ನಂಟನ್ನು ವರ್ಷ ವರ್ಷವೂ ಭರಣಿಯಲ್ಲಿ ತುಂಬಿಡುತ್ತಾರೆ.

ಅಪ್ಪೆಮಿಡಿಯ ಕಾಲ ಬಂದಿತೆಂದರೆ ನಮ್ಮ ಅತ್ತೆಯ ಆಜ್ಞೆ ಹೊರಡುತ್ತದೆ: “ಅಪೀ, ಪುಡಿಯುಪ್ಪು ತರಡ, ಹರಳುಪ್ಪೇ ತಗಂಬಾ.” ತೊಟ್ಟುಸಹಿತವಾದ ಮಿಡಿಯನ್ನು ಒರೆಸಿ, ಒಂದು ಪದರ ಮಿಡಿ, ಒಂದು ಪದರ ಉಪ್ಪು, ಹೀಗೆ ಭರಣಿಯನ್ನು ತುಂಬುತ್ತಾರೆ. ಒಂದು ಹನಿ ನೀರನ್ನೂ ಹಾಕುವುದಿಲ್ಲ. ಆದರೂ ಕೆಲವು ದಿನಗಳಲ್ಲಿ ಮಿಡಿ ಸುಕ್ಕುಗಟ್ಟಿ, ಭರಣಿಯ ತುಂಬ ಉಪ್ಪುನೀರು ನಿಲ್ಲುತ್ತದೆ. ಆ ನೀರನ್ನು ಅತ್ತೆ ಚೆಲ್ಲುವುದಿಲ್ಲ. ಅದನ್ನೇ ಸೋಸಿ, ಕುದಿಸಿ, ಆರಿಸಿ, ಸಾಸಿವೆ ಮೆಣಸಿನ ಮಸಾಲೆಯನ್ನು ಅದರಲ್ಲಿಯೇ ಅರೆಯುತ್ತಾರೆ.

ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರಿದ್ದಾರೆ. ಈ ಸಂಗತಿಯನ್ನು ಕೇಳಿದಾಗ ಅವರು ಚಹದ ಲೋಟವನ್ನು ಕೆಳಗಿಟ್ಟು ನಕ್ಕರು. “ಮೇಷ್ಟ್ರೇ, ಬೆಂಕಿಯಿಲ್ಲದೆ ನೀರನ್ನು ಹೊರಗೆಳೆಯುವ ವಿದ್ಯೆ ನಿಮ್ಮ ಅತ್ತೆಯವರಿಗೆ ಗೊತ್ತಿದೆ. ಮಿಡಿಯ ಜೀವಕೋಶದ ತೆಳುಪೊರೆ ನೀರನ್ನು ಬಿಡುತ್ತದೆ. ನೀರು ತಿಳಿಯಿರುವ ಕಡೆಯಿಂದ ಉಪ್ಪು ಗಾಢವಾಗಿರುವ ಕಡೆಗೆ ತಾನಾಗಿ ಹರಿಯುತ್ತದೆ. ಇದೇ ಪರಾಸರಣ. ಉಪ್ಪುನೀರಿನ ಕಡೆಯಿಂದ ಬಲವಾಗಿ ಒತ್ತಡ ಹಾಕಿದರೆ ನೀರು ಹಿಂದಕ್ಕೆ ಹರಿಯುತ್ತದೆ. ಸಮುದ್ರದ ನೀರನ್ನು ಸಿಹಿ ಮಾಡುವ ಇಂದಿನ ಕಾರ್ಖಾನೆಗಳಲ್ಲಿ ನಡೆಯುವುದು ಇಷ್ಟೇ” ಎಂದರು. ನನಗೆ ನಾಣ್ಣುಡಿಯಾಗಿದ್ದ ಉಪ್ಪು ಅಂದಿನಿಂದ ಲೆಕ್ಕದ ವಸ್ತುವೂ ಆಯಿತು.

ಲೆಕ್ಕವನ್ನು ಓದುಗರ ಮುಂದೆಯೂ ಇಡುತ್ತೇನೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಲವಣಗಳೆಲ್ಲ ಸೇರಿ ಸುಮಾರು 35 ಗ್ರಾಂ. ಅದರಲ್ಲಿ ನಾವು ಉಣ್ಣುವ ಉಪ್ಪು ಸುಮಾರು 27 ಗ್ರಾಂ. ಒಂದು ಕಿಲೋ ಉಪ್ಪು ಬೇಕೆಂದರೆ 40 ಲೀಟರಿನಷ್ಟು ನೀರನ್ನು ಆರಿಸಬೇಕು. ಬೆಂಕಿಯಿಂದ ಆರಿಸುವುದಾದರೆ ಎಷ್ಟು ಸೌದೆ ಬೇಕು? ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ಕುಳಿತು ನೊರೆಬೆಲ್ಲಕ್ಕೆ ಕಾದವರಿಗೆ ಇದರ ಅಂದಾಜಿರುತ್ತದೆ. ಕಬ್ಬಿನ ಹಾಲು ಕುದಿಯುವುದಕ್ಕೆ ಹಿಡಿಯುವ ಹೊತ್ತು ಸ್ವಲ್ಪ. ಕುದಿಬಂದ ಮೇಲೆ ನೀರಿಂಗಿ ಜೋನಿಬೆಲ್ಲವಾಗುವ ತನಕ ಒಲೆ ನುಂಗುವ ಸೌದೆಯೇ ಬಹಳ. ಒಂದು ಗ್ರಾಂ ನೀರನ್ನು ಹಿಮದ ತಣ್ಪಿನಿಂದ ಕುದಿಯುವ ತನಕ ಕಾಯಿಸಲು 100 ಕ್ಯಾಲೊರಿ ಸಾಕು. ಕುದಿಯುವ ನೀರನ್ನು ಆವಿಯಾಗಿಸಲು ಇನ್ನೂ 540 ಬೇಕು. ಹೀಗೆ ನೋಡಿದರೆ, ಕಿಡಿಯಷ್ಟು ಶಾಖವೂ ಪೋಲಾಗದ ಒಲೆಯಲ್ಲಿಯೂ ಒಂದು ಕಿಲೋ ಉಪ್ಪಿಗೆ ಸುಮಾರು ಆರು ಕಿಲೋ ಒಣಸೌದೆ ಬೇಕಾಗುತ್ತದೆ. ಅಂಥ ಒಲೆಯನ್ನು ಯಾರೂ ಇನ್ನೂ ಹೂಡಿಲ್ಲ. ಉಪ್ಪನ್ನು ಸೌದೆಯಿಂದಲೇ ಮಾಡಹೊರಟಿದ್ದರೆ ನಮ್ಮ ಬೆಟ್ಟಗಳೆಲ್ಲ ಎಂದೋ ಬೋಳಾಗುತ್ತಿದ್ದವು.

ಈ ಪೋಲನ್ನು ತಡೆಯುವ ಜಾಣತನ ಮೊದಲು ಹೊಳೆದದ್ದು ಸಕ್ಕರೆಯವರಿಗೆ. ಅಮೆರಿಕದ ನಾರ್ಬರ್ಟ್ ರಿಲ್ಯೂ ಎಂಬಾತ 1840ರ ದಶಕದಲ್ಲಿ ಮುಚ್ಚಿದ ಪಾತ್ರೆಗಳನ್ನು ಸಾಲಾಗಿ ಜೋಡಿಸಿ, ಮೊದಲನೆಯದರ ಆವಿಯಿಂದಲೇ ಎರಡನೆಯದು ಕುದಿಯುವಂತೆ ಮಾಡಿದ. ಎರಡನೆಯದರಲ್ಲಿ ಗಾಳಿಯ ಒತ್ತಡ ಕಡಿಮೆಯಿದ್ದುದರಿಂದ ಅಲ್ಲಿನ ರಸ ಕಡಿಮೆ ಬಿಸಿಗೇ ಕುದಿಯುತ್ತಿತ್ತು. ಒಂದು ಸಲ ಉರಿಸಿದ ಬೆಂಕಿಯಿಂದ ಎರಡು ಮೂರು ಸಲ ಕೆಲಸ! ಮುಂದೆ ಉಪ್ಪಿನ ಕಾರ್ಖಾನೆಗಳೂ ಇದೇ ಉಪಾಯವನ್ನು ಹಿಡಿದವು.

ನಮ್ಮ ಜಿಲ್ಲೆಯವರಿಗಾದರೋ ಸೂರ್ಯನಿದ್ದ. ಗೋಕರ್ಣಕ್ಕೆ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರಗಳಿಗೆ ಬೇಸಗೆಯಲ್ಲಿ ಒಮ್ಮೆ ಹೋಗಿಬರಬೇಕು. ಶಿರಸಿಯ ಪರಿಸರದಲ್ಲಿ ಹುಟ್ಟಿದ ಅಘನಾಶಿನಿ ಕಡಲನ್ನು ಸೇರುವ ಅಳಿವೆಯ ನೆರೆ ಅದು. ಉಬ್ಬರದ ನೀರನ್ನು ತೂಬಿನಿಂದ ಒಳಗೆ ಬಿಟ್ಟು, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಿಗೂ ಗಾಳಿಗೂ ಒಪ್ಪಿಸುತ್ತಾರೆ. ನೀರು ಮೊದಲಿನ ಐದನೆಯ ಒಂದರಷ್ಟಕ್ಕೆ ಇಳಿಯುವ ವೇಳೆಗೆ ಜಿಪ್ಸಮ್ ತಳ ಹಿಡಿಯತೊಡಗುತ್ತದೆ. ಹತ್ತನೆಯ ಒಂದರಷ್ಟಕ್ಕೆ ಇಳಿದಾಗ ಉಪ್ಪು ಹರಳುಗಟ್ಟತೊಡಗುತ್ತದೆ. ಇನ್ನೂ ಕಾದರೆ ಮೆಗ್ನೀಸಿಯಮ್ಮಿನ ಕಹಿ ಲವಣಗಳೂ ಬೆರೆತುಬಿಡುತ್ತವೆ. ಆದ್ದರಿಂದ ಉಪ್ಪು ಕೂತ ಮೇಲೆ ಉಳಿದ ಕಹಿನೀರನ್ನು ಸರಿಯಾದ ಹೊತ್ತಿಗೆ ಬಸಿಯಬೇಕು. ಆಗೇರರೆಂಬ ಸಮುದಾಯದ ಹೆಸರೇ ಆಗರದಿಂದ ಬಂದದ್ದು. ಈ ಹೊತ್ತನ್ನು ಗುರುತಿಸುವ ಕಣ್ಣು ಅವರಿಗೆ ತಲೆತಲಾಂತರದಿಂದ ಒಲಿದಿತ್ತು. ಇಲ್ಲಿ ಉರುವಲಿನ ಖರ್ಚಿಲ್ಲ, ಸಿಹಿನೀರಿನ ಖರ್ಚೂ ಇಲ್ಲವೆನ್ನುವಷ್ಟು ಕಡಿಮೆ. ಖರ್ಚಾಗುವುದು ನೆಲ, ದಿನಗಳು, ಮತ್ತು ಸುಡುಬಿಸಿಲಿನಲ್ಲಿ ಉಪ್ಪು ಬಾಚುವವರ ಮೈ.

ಈ ಉಪ್ಪಿಗಾಗಿಯೇ ನಮ್ಮ ಜಿಲ್ಲೆ ಲಾಠಿಯೇಟನ್ನೂ ಉಂಡಿದೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಶಿರಸಿ ಸಿದ್ದಾಪುರಗಳ ರೈತರು ಕರನಿರಾಕರಣೆಯ ಹೋರಾಟದಲ್ಲಿ ಹೊಲಮನೆಗಳನ್ನು ಪಣಕ್ಕೊಡ್ಡಿದರು. ಕಡಲೂ ಬಿಸಿಲೂ ಸರಕಾರದ ಸೊತ್ತಲ್ಲವೆಂಬುದು ಅಂದಿನವರ ವಾದವಾಗಿತ್ತು.

ಬಿಸಿಲಿಲ್ಲದ ನಾಡಿನವರು ಏನು ಮಾಡಬೇಕು? ಜಪಾನಿನಲ್ಲಿ ಮಳೆ ಹೆಚ್ಚು, ಸಮತಟ್ಟಾದ ನೆಲ ಕಡಿಮೆ. ಅವರು ಉಪ್ಪಿನ ಗದ್ದೆಗಳನ್ನು ಬಿಟ್ಟು, 1972ರ ಹೊತ್ತಿಗೆ ಪೂರ್ಣವಾಗಿ ಪೊರೆಯ ವಿಧಾನಕ್ಕೆ ತಿರುಗಿದರು. ಅಲ್ಲಿ ವಿದ್ಯುತ್ತು ಉಪ್ಪಿನ ಕಣಗಳನ್ನೇ ಪೊರೆಯ ಮೂಲಕ ಸೆಳೆದು ನೀರನ್ನು ಗಾಢಗೊಳಿಸುತ್ತದೆ. ಕೊನೆಯ ಹಂತಕ್ಕೆ ಮಾತ್ರ ಬೆಂಕಿ. ಸಿಹಿನೀರಿನ ಕಾರ್ಖಾನೆಗಳ ಲೆಕ್ಕವೂ ಸ್ವಾರಸ್ಯವಾಗಿದೆ. ಸಾವಿರ ಲೀಟರ್ ನೀರನ್ನು ಒಂದೇ ಪಾತ್ರೆಯಲ್ಲಿ ಕುದಿಸಿ ಆವಿಯಾಗಿಸಲು 600 ಯೂನಿಟ್ಟಿಗೂ ಹೆಚ್ಚು ಶಕ್ತಿ ಬೇಕು. ಒತ್ತಡದಿಂದ ಪೊರೆಯಲ್ಲಿ ಸೋಸಿ ಅಷ್ಟೇ ಸಿಹಿನೀರು ಪಡೆಯಲು ಮೂರು ನಾಲ್ಕು ಯೂನಿಟ್ಟು ಸಾಕು. ಆದರೆ ನೀರು ಗಾಢವಾದಷ್ಟೂ ಒತ್ತಡವೂ ಹೆಚ್ಚಬೇಕಾದ್ದರಿಂದ, ಪೊರೆಯ ಆಟ ಒಂದು ಹಂತಕ್ಕೆ ನಿಲ್ಲುತ್ತದೆ. ಉಳಿದ ಗಾಢ ಉಪ್ಪುನೀರನ್ನು ಕಡಲಿಗೇ ಸುರಿದರೆ ಅಲ್ಲಿನ ಜೀವರಾಶಿಗೆ ಕೇಡು. ಅದನ್ನೂ ಉಪ್ಪಾಗಿಸಿ, ಅದರೊಳಗಿನ ಇತರ ಲವಣಗಳನ್ನೂ ತೆಗೆಯಬೇಕೆಂಬುದು ಇಂದಿನ ವಿಜ್ಞಾನಿಗಳ ಹಂಬಲ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಲಿಥಿಯಮ್ಮಿಗಾಗಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ತಿಂಗಳುಗಟ್ಟಲೆ ಆರಿಸುತ್ತಾರೆ. ಆ ಒಣನೆಲದಲ್ಲಿ ನೀರೆಲ್ಲ ಗಾಳಿಗೆ ಹೋಗುವುದನ್ನು ಕಂಡು, ಲಿಥಿಯಮ್ಮನ್ನಷ್ಟೇ ಹಿಡಿದು ನೀರನ್ನು ನೆಲಕ್ಕೇ ಮರಳಿಸುವ ದಾರಿಯನ್ನು ಹುಡುಕುತ್ತಿದ್ದಾರೆ.

ನಮ್ಮ ದೇಶದಲ್ಲಿ ಈ ವಿದ್ಯೆಗೆಂದೇ ಭಾವನಗರದಲ್ಲಿ ಕೇಂದ್ರೀಯ ಉಪ್ಪು ಮತ್ತು ಸಮುದ್ರ ರಾಸಾಯನಿಕಗಳ ಸಂಶೋಧನಾಲಯವಿದೆ; ಅದು 1954ರಲ್ಲಿ ಆರಂಭವಾಯಿತು. ಉಪ್ಪು ತೆಗೆದ ಮೇಲೆ ಉಳಿಯುವ ಕಹಿನೀರಿನಿಂದ ಪೊಟ್ಯಾಷ್ ಗೊಬ್ಬರವನ್ನು ಮಾಡುವ ಕ್ರಮವನ್ನು ಅಲ್ಲಿನವರು ರೂಪಿಸಿದ್ದಾರೆ. ಪೊಟ್ಯಾಷಿಗೆ ಭಾರತವು ಬಹುಮಟ್ಟಿಗೆ ಆಮದನ್ನೇ ನೆಚ್ಚಿದೆ. ನಮ್ಮ ಅಡಕೆ ತೋಟಕ್ಕೆ ಬೇಕಾದ ಸಾರವೂ ಆ ಕಹಿನೀರಿನಲ್ಲಿದೆ ಎಂದು ತಿಳಿದಾಗ ಅತ್ತೆಯ ಭರಣಿಯ ನೀರು ನೆನಪಾಗದೆ ಇರುತ್ತದೆಯೆ? ಗುಜರಾತಿನ ಪುಟ್ಟ ರಣದಲ್ಲಿ ನೆಲದಡಿಯ ಉಪ್ಪುನೀರನ್ನೆತ್ತಲು ಡೀಸೆಲ್ಲಿಗೇ ಗಳಿಕೆಯ ದೊಡ್ಡ ಪಾಲನ್ನು ಸುರಿಯುತ್ತಿದ್ದ ಅಗರಿಯಾ ಕುಟುಂಬಗಳಲ್ಲಿ ಹಲವು ಈಗ ಬಿಸಿಲಿನಿಂದ ನಡೆಯುವ ಪಂಪುಗಳನ್ನು ಹೂಡಿಕೊಂಡಿವೆ. ಕೊಳೆಯಾದ ಉಪ್ಪನ್ನು ಸಿಹಿನೀರಿನಲ್ಲಿ ತೊಳೆದರೆ ಉಪ್ಪೇ ಕರಗಿಹೋದೀತೆಂದು, ಇನ್ನು ಕರಗಿಸಿಕೊಳ್ಳಲಾರದಷ್ಟು ಗಾಢವಾದ ಉಪ್ಪುನೀರಿನಲ್ಲಿಯೇ ತೊಳೆಯುತ್ತಾರೆ. ನೀರೂ ಉಳಿಯಿತು, ಉಪ್ಪೂ ಉಳಿಯಿತು.

ಇಷ್ಟೆಲ್ಲ ಓದಿ ತಿಳಿದ ಮೇಲೆ ಸಾಣಿಕಟ್ಟೆಯ ಪಾತಿಗಳು ಹಳಬರ ಹಟವೆಂದು ನನಗೆ ತೋರುವುದಿಲ್ಲ. ಹೊಸ ವಿಧಾನಗಳೆಲ್ಲವೂ ಬಿಸಿಲು ಪುಕ್ಕಟೆಯಾಗಿ ಮಾಡುವುದನ್ನು ಆದಷ್ಟು ಅಗ್ಗವಾಗಿ ಮಾಡಲು ಹೆಣಗುತ್ತಿವೆ. ಆದರೆ ಪಾತಿಗಳ ಬಾಳು ನಾಜೂಕಾದದ್ದು. ಚೈತ್ರದಲ್ಲಿ ಅಕಾಲದ ಮಳೆಯೊಂದು ಬಿದ್ದರೆ ಹರಳುಗಟ್ಟಿದ್ದು ಮತ್ತೆ ನೀರಾಗುತ್ತದೆ. ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಜೌಗುನೆಲವೆಂಬ ಮನ್ನಣೆ ದೊರೆತದ್ದು ಸಂತೋಷವೇ. ಅಷ್ಟರಿಂದಲೇ ಬಾಚುವವರ ಅಂಗಾಲಿನ ಉರಿ ಆರುವುದಿಲ್ಲ. ಅವರ ಮಕ್ಕಳು ಪಟ್ಟಣದ ಕೆಲಸವನ್ನು ಹುಡುಕಿಕೊಂಡರೆ ತಪ್ಪೆನ್ನುವ ಅಧಿಕಾರ, ನೆರಳಿನಲ್ಲಿ ನಿಂತು ಪಾಠ ಹೇಳುವ ನನಗಂತೂ ಇಲ್ಲ.

ಈ ವರ್ಷ ಅತ್ತೆಗೆಂದು ಹರಳುಪ್ಪನ್ನು ತರುವಾಗ ನಾನು ಚೌಕಾಸಿ ಮಾಡಲಿಲ್ಲ. ಅಂಗಡಿಯವನಿಗೆ ಆಶ್ಚರ್ಯವಾಗಿರಬೇಕು. ಬಿಸಿಲಿಗೆ ಬೆಲೆ ಕಟ್ಟುವುದು ಯಾರಿಗೂ ಸಾಧ್ಯವಿಲ್ಲ. ಬಿಸಿಲಿನಲ್ಲಿ ನಿಂತವರಿಗಾದರೂ ಕಟ್ಟಬೇಡವೆ?