ಇಳಿವಯಸ್ಸಿನ ಲೆಕ್ಕ

ನಿವೃತ್ತಿಯ ದಿನ ಸೇವೆಗೆ ಸೇರಿದಂದೇ ನಿಶ್ಚಯವಾಗಿರುತ್ತದೆ. ಹಾಗಿದ್ದೂ ಅದರ ಸಿದ್ಧತೆಯನ್ನು ನಾವು ನಲವತ್ತೆಂಟನೆಯ ವಯಸ್ಸಿನವರೆಗೆ ಮುಂದೂಡುತ್ತಲೇ ಬಂದೆವು.

ಶಿಕ್ಷಕರಾಗಿದ್ದ ನಮ್ಮ ತಂದೆಯವರಿಗೆ ಈ ಚಿಂತೆ ಇರಲಿಲ್ಲ. ಅವರಿಗೆ ಸಂಬಳದ ಆಧಾರದ ಮೇಲೆ ಪಿಂಚಣಿ ನಿಗದಿಯಾಯಿತು. ಅವರ ತರುವಾಯ ತಾಯಿಯವರಿಗೆ ಕುಟುಂಬ ಪಿಂಚಣಿ ಬಂದಿತು. 2006ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರದ ಸೇವೆಗೆ ಸೇರಿದವರಿಗೆ ಹೊಸ ಪಿಂಚಣಿ ಪದ್ಧತಿ ಬಂದಿತು. 2008ರಲ್ಲಿ ಸೇರಿದ ನಾವು ಅದಕ್ಕೊಳಪಟ್ಟೆವು. ಇದರಲ್ಲಿ ಕೂಡಿಟ್ಟ ನಿಧಿ ಎಷ್ಟು ಬೆಳೆದೀತೋ ಪಿಂಚಣಿ ಅಷ್ಟೇ. ಆದ್ದರಿಂದ ಲೆಕ್ಕದ ಹೊಣೆ ನಮ್ಮದೇ ಆಯಿತು.

ಲೆಕ್ಕ ಮಾಡಿಕೊಡುವ ತಂತ್ರಾಂಶಗಳಿಗೇನೂ ಕೊರತೆಯಿಲ್ಲ. ಮೊದಲನೆಯದು ಉತ್ತರ ತೋರಿಸುವ ಮುನ್ನವೇ ಮೊಬೈಲ್ ಸಂಖ್ಯೆ ಕೇಳಿತು, ಕೊಟ್ಟೆವು. ಮರುದಿನದಿಂದ ಪಾಲಿಸಿ ಮಾರುವವರ ಕರೆಗಳು ಆರಂಭವಾದವು. ಎರಡನೆಯದು "ನಿಮ್ಮ ಉಳಿತಾಯ ಸಾಕು" ಎಂದು ಹಸಿರಕ್ಷರದಲ್ಲಿ ತೋರಿಸಿತು. ಹಿಗ್ಗಿನಿಂದ ನಮ್ಮ ಮನೆಯವರನ್ನು ಕರೆದು ತೋರಿಸಿದೆವು. ಪಟ್ಟಿ ನಮ್ಮ ಎಂಬತ್ತನೆಯ ವಯಸ್ಸಿಗೆ ಮುಗಿದಿತ್ತು. ಅವರು ನಮಗಿಂತ ಐದು ವರ್ಷ ಕಿರಿಯರು. "ಆಗ ನನಗೆ ಎಪ್ಪತ್ತೈದು. ಆಮೇಲೆ ನನ್ನ ಗತಿ ಏನ್ರಿ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮತ್ತೆ ಪರಿಶೀಲಿಸಿದಾಗ, ಆ ತಂತ್ರಾಂಶ ಹೂಡಿಕೆಗೆ ಶೇಕಡಾ 12ರ ಲಾಭವನ್ನು ತಾನೇ ಊಹಿಸಿಕೊಂಡಿದ್ದುದು ತಿಳಿಯಿತು. ಅದನ್ನು ಬಿಟ್ಟು, ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್‌ನ ಲೆಕ್ಕದ ಹಾಳೆಯಲ್ಲಿ ಇಬ್ಬರೂ ಕುಳಿತು ಬರೆದೆವು. ದಿನಸಿ, ಔಷಧ, ನೆಂಟರಿಷ್ಟರ ಮದುವೆ, ದಾಸೋಹದ ಕಾಣಿಕೆ ಎಲ್ಲ ಸೇರಿ ತಿಂಗಳಿಗೆ 40,000 ರೂಪಾಯಿ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಖರ್ಚು ಹನ್ನೆರಡು ವರ್ಷಕ್ಕೆ ಇಮ್ಮಡಿಯಾಗುತ್ತದೆ. ನಿವೃತ್ತಿಯ ಹೊತ್ತಿಗೆ 80,000. ನಮಗೆ ಎಪ್ಪತ್ತೆರಡಾದಾಗ 1,60,000. ಆರನ್ನು ಏಳು ಮಾಡಿದೊಡನೆ ಕೊನೆಯ ಅಂಕಿ ಎರಡು ಲಕ್ಷ ದಾಟಿತು! ಮನೆಯವರ ತೊಂಬತ್ತರವರೆಗೆ ಎಣಿಸಿದರೆ, ಹಣ ಬಾಳಬೇಕಾದದ್ದು ಇಪ್ಪತ್ತು ವರ್ಷವಲ್ಲ, ಮೂವತ್ತೈದು ವರ್ಷ. ಹಸಿರಕ್ಷರ ಸುಳ್ಳಾಯಿತು. ಮಹಡಿ ಕಟ್ಟಿಸುವ ಯೋಚನೆಯನ್ನು ಕೈಬಿಟ್ಟು ಆ ಹಣವನ್ನು ನಿವೃತ್ತಿ ನಿಧಿಗೆ ತಿರುಗಿಸಿದೆವು.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ತಂತ್ರಾಂಶವನ್ನು ಅದರ ಅಂದಕ್ಕೆ ಮರುಳಾಗಿ ಆರಿಸಬೇಡಿ. ಬೆಲೆಯೇರಿಕೆ, ಲಾಭ, ಆಯುಷ್ಯ ಈ ಮೂರು ಅಂಕಿಗಳನ್ನು ನೀವೇ ಬದಲಿಸಲು ಬರುವುದೇ ನೋಡಿ. ಎನ್‌ಪಿಎಸ್ ಟ್ರಸ್ಟ್‌ನ ಜಾಲತಾಣದ ಪಿಂಚಣಿ ಲೆಕ್ಕದಲ್ಲಿಯೂ ಲಾಭದ ದರವನ್ನು ನಾವೇ ತುಂಬಬೇಕು. ಆಸೆಯಿಂದ ತುಂಬಿದರೆ ಆಸೆಯ ಉತ್ತರವೇ ಬರುತ್ತದೆ. ಉತ್ತರ ಕೊಡುವವರು ಜೊತೆಗೇ ಏನನ್ನಾದರೂ ಮಾರುತ್ತಿದ್ದರೆ ಎಚ್ಚರವಿರಲಿ. ಎಲ್ಲಕ್ಕೂ ಮಿಗಿಲಾಗಿ, ಲೆಕ್ಕವನ್ನು ಇಬ್ಬರೂ ಕೂಡಿ ಮಾಡಿರಿ.

ಈಗ ನಮ್ಮ ಮನೆಯಲ್ಲಿ ಪ್ರತಿ ದೀಪಾವಳಿಗೆ ಆ ಹಾಳೆಯನ್ನು ತೆರೆದು ತಿದ್ದುತ್ತೇವೆ. ಅದರ ಪಾಸ್‌ವರ್ಡ್ ಮನೆಯವರಿಗೂ ಗೊತ್ತಿದೆ. ಕಳೆದ ಸಲ ಅಂಕಿಗಳನ್ನು ತುಂಬಿದವರು ಅವರೇ.