ಕಲ್ಲಿನ ಶಾಸನಕ್ಕೊಂದು ಹಗುರ ನಕ್ಷೆ

ಮೇಷ್ಟ್ರು ಕೆರೆ ಏರಿಯ ಮೇಲೆ ನಿಂತು ಫೋನನ್ನು ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದಿದ್ದರು. ಬಿಳಿ ಪರದೆಯ ನಡುವೆ ಒಂದು ಚಕ್ರ ಸುತ್ತುತ್ತಲೇ ಇತ್ತು. ಅದರ ಹಿಂದೆಲ್ಲೋ ನನ್ನ ಎರಡು ವರ್ಷದ ಕೆಲಸವಿತ್ತು. ಐದು ನಿಮಿಷ ಕಾದು, ನನಗೆ ಬೇಜಾರಾಗದಿರಲಿ ಎಂಬಂತೆ ಅವರು ಹೇಳಿದರು: "ಬಿಡಿ ಮೇಡಂ, ಬೆಂಗಳೂರಲ್ಲಿ ಚೆನ್ನಾಗೇ ಕಾಣುತ್ತೇನೋ."

ಆ ಮಾತು ಬಸ್ಸಿನಲ್ಲಿ ವಾಪಸ್ ಬರುವವರೆಗೂ ಚುಚ್ಚುತ್ತಿತ್ತು. ಹಾಸನ ಜಿಲ್ಲೆಯ ಕೆರೆ ಶಾಸನಗಳ ಮೇಲೆ ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಐದನೇ ಸಂಪುಟ, 1902ರಲ್ಲಿ ಬಂದದ್ದು, ಈ ಜಿಲ್ಲೆಯದು. ಕೆರೆ ಕಟ್ಟಿಸಿದವರು, ತೂಬು ಇಡಿಸಿದವರು, ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಭೂಮಿ, ಇವೇ ನನ್ನ ಸಾಮಗ್ರಿ. ಅಂಥ 140 ಕಲ್ಲುಗಳು ಈಗ ಎಲ್ಲಿವೆ ಎಂದು ಊರೂರು ಸುತ್ತಿ ಗುರುತು ಮಾಡಿಕೊಂಡಿದ್ದೆ. ನಕ್ಷೆಯನ್ನು ಊರಿನವರು ನೋಡಬೇಕು, ತಪ್ಪಿದ್ದರೆ ಹೇಳಬೇಕು ಎಂಬುದು ಆಸೆ. ಅದಕ್ಕೆಂದು ಬಳಸಿದ್ದು ಒಂದು ಸಿದ್ಧ ಆನ್‌ಲೈನ್ ಸೇವೆ. ನೋಡಲು ಬಲು ಚೆಂದ. ಆದರೆ ಯಾರ ಊರಿನ ನಕ್ಷೆಯೋ ಅವರ ಫೋನಿನಲ್ಲೇ ತೆರೆಯುತ್ತಿರಲಿಲ್ಲ.

ಕಂಪ್ಯೂಟರ್ ವಿಭಾಗದ ಗೆಳತಿಯೊಬ್ಬಳು ಲೀಫ್ಲೆಟ್ ಹೆಸರು ಹೇಳಿದಳು. ವೆಬ್ ಪುಟಗಳಲ್ಲಿ ನಕ್ಷೆ ತೋರಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ಅದು. ಲೈಬ್ರರಿ ಅಂದರೆ ಬೇರೆ ಯಾರೋ ಬರೆದಿಟ್ಟ ಕೋಡಿನ ಗಂಟು. ನಾವು ಕರೆದರೆ ಕೆಲಸ ಮಾಡಿಕೊಡುತ್ತದೆ. ಉಕ್ರೇನಿನ ವೊಲೊದಿಮಿರ್ ಅಗಾಫೊನ್ಕಿನ್ ಇದನ್ನು 2011ರಲ್ಲಿ ಹೊರತಂದರು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಕುಗ್ಗಿಸಿ ಕಳಿಸಿದರೆ ಕೋಡಿನ ತೂಕ ಸುಮಾರು 42 ಕೆ.ಬಿ., ಅಂದರೆ ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರಕ್ಕಿಂತ ಕಡಿಮೆಯೇ ಇರಬೇಕು. ಇದು ಬೇರೆ ಯಾವ ಲೈಬ್ರರಿಯನ್ನೂ ಬೆನ್ನಿಗೆ ಕಟ್ಟಿಕೊಂಡು ಬರುವುದಿಲ್ಲ.

ನಾನು ಇತಿಹಾಸದ ವಿದ್ಯಾರ್ಥಿನಿ. ಕೋಡು ಅಂದರೆ ಕೈ ನಡುಗುತ್ತದೆ. ಆದರೂ ಮೊದಲ ನಕ್ಷೆ ಒಂದೇ ಸಂಜೆಯಲ್ಲಿ ಮೂಡಿತು. ಪುಟದಲ್ಲಿ ಒಂದು ಖಾಲಿ ಚೌಕ ಬಿಡಬೇಕು, ನಕ್ಷೆಯ ನಡುಬಿಂದು ಯಾವುದು, ಎಷ್ಟು ಹತ್ತಿರದಿಂದ ನೋಡಬೇಕು ಎಂದು ಹೇಳಬೇಕು, ಹಿನ್ನೆಲೆಯ ಚಿತ್ರ ಎಲ್ಲಿಂದ ತರಬೇಕೆಂದು ತೋರಿಸಬೇಕು. ನಾಲ್ಕೈದು ಸಾಲು, ಅಷ್ಟೇ.

ಮಾರನೇ ದಿನ 140 ಕಲ್ಲುಗಳನ್ನೂ ಸೇರಿಸಿದೆ. ನಕ್ಷೆಯಲ್ಲಿ ಒಂದೂ ಇಲ್ಲ! ಹುಡುಕಿ ಹುಡುಕಿ ಪರದೆಯನ್ನು ಉತ್ತರಕ್ಕೆ ಎಳೆಯುತ್ತಾ ಹೋದರೆ, ನಾರ್ವೆಗೂ ಆಚೆ, ಸ್ವಾಲ್ಬಾರ್ಡ್ ದ್ವೀಪಗಳ ಕೆಳಗಿನ ಸಮುದ್ರದಲ್ಲಿ ಹಾಸನದ ಕೆರೆಗಳೆಲ್ಲ ಗುಂಪುಗೂಡಿ ತೇಲುತ್ತಿದ್ದವು. ಲೀಫ್ಲೆಟ್ ಮೊದಲು ಅಕ್ಷಾಂಶ ಕೇಳುತ್ತದೆ, ಆಮೇಲೆ ರೇಖಾಂಶ. ನಾನು ಮಾಹಿತಿ ಕೂಡಿಟ್ಟಿದ್ದ ಜಿಯೋಜೇಸನ್ ಎಂಬ ಮಾದರಿಯಲ್ಲಿ ರೇಖಾಂಶ ಮೊದಲು. ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವಾಗ 13, 76 ಆಗಬೇಕಾದದ್ದು 76, 13 ಆಗಿತ್ತು. ತಪ್ಪು ನನ್ನದೇ. ಗೈಡ್ ಅದನ್ನು ನೋಡಿ ನಕ್ಕು, "ಹೊಯ್ಸಳರು ಅಲ್ಲಿಗೂ ಹೋಗಿದ್ದರೇನಮ್ಮ?" ಅಂದರು.

ನಕ್ಷೆ ಸರಿಹೋದ ಮೇಲೆ ಅದರ ಮಿತಿಗಳೂ ಕಂಡವು. ಲೀಫ್ಲೆಟ್ ಸಾಮಾನ್ಯವಾಗಿ ಬಳಸುವ ಹಿನ್ನೆಲೆ ನಕ್ಷೆ ಚೌಕ ಚೌಕ ಚಿತ್ರಗಳ ಜೋಡಣೆ, ಹೆಂಚು ಹೊದೆಸಿದ ಹಾಗೆ. ಚಿತ್ರದೊಳಗಿನ ಊರಿನ ಹೆಸರು ಇಂಗ್ಲಿಷಿನಲ್ಲಿದ್ದರೆ ಅದನ್ನು ಕನ್ನಡಕ್ಕೆ ಬದಲಿಸಲು ಬರುವುದಿಲ್ಲ. ಅದು ಆಗಲೇ ಅಚ್ಚಾಗಿಹೋದ ಅಕ್ಷರ. ನಕ್ಷೆಯನ್ನು ವಾಲಿಸಿ ಬೆಟ್ಟಗುಡ್ಡಗಳನ್ನು ಎತ್ತಿ ತೋರಿಸುವ ಆಟವೂ ಇಲ್ಲಿಲ್ಲ. ಪ್ರತಿ ಗುರುತೂ ಪುಟದ ಒಂದು ಪ್ರತ್ಯೇಕ ತುಣುಕಾದ್ದರಿಂದ ಸಾವಿರಗಟ್ಟಲೆ ಹಾಕಿದರೆ ಫೋನು ತಿಣುಕುತ್ತದೆ.

ಇದೆಲ್ಲ ಮಾಡಬಲ್ಲ, ಹಲವು ಪಟ್ಟು ದಪ್ಪದ ಇನ್ನೊಂದು ಲೈಬ್ರರಿಯನ್ನೂ ಪ್ರಯತ್ನಿಸಿದೆ. ಅದು ಹೆಸರುಗಳನ್ನು ತಾನೇ ಬರೆಯುತ್ತದೆ, ಭಾಷೆ ಆರಿಸಿಕೊಳ್ಳಬಹುದು. ಆಸೆಯಿಂದ 'ಬಿತ್ತುವಟ್ಟ' ಎಂದು ಕೊಟ್ಟೆ. ಒತ್ತುಗಳು ಅಕ್ಷರದ ಅಡಿಗೆ ಬರದೆ ಸಾಲಿನಲ್ಲೇ ಪಕ್ಕಕ್ಕೆ ಬಂದು ಕೂತವು. ಒಂದನೇ ತರಗತಿಯ ಮಗು ಸ್ಲೇಟಿನಲ್ಲಿ ಗೀಚಿದ ಹಾಗಿತ್ತು. ಆ ಲೈಬ್ರರಿ ಅಕ್ಷರಗಳನ್ನು ಒಂದೊಂದಾಗಿ ಚಿತ್ರದಂತೆ ತಂದು ಸಾಲಾಗಿ ಇಡುತ್ತಿತ್ತು. ಕನ್ನಡದ ಅಕ್ಷರಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ ಎಂಬುದು ಅದಕ್ಕೆ ತಿಳಿದಿರಲಿಲ್ಲ. ಲೀಫ್ಲೆಟ್ಟಿನಲ್ಲಾದರೆ ಗುರುತು ಮುಟ್ಟಿದಾಗ ತೆರೆದುಕೊಳ್ಳುವ ಪೆಟ್ಟಿಗೆ ಮಾಮೂಲಿ ವೆಬ್ ಪುಟದ ತುಂಡೇ. ಅದರೊಳಗಿನ ಬರಹವನ್ನು ಬ್ರೌಸರ್ ನೋಡಿಕೊಳ್ಳುತ್ತದೆ, ಬ್ರೌಸರಿಗೆ ಕನ್ನಡ ಬರುತ್ತದೆ. ಇದರ ಹಗುರಕ್ಕೆ ಕಾರಣ ಅಲ್ಲಿ ಹೊಳೆಯಿತು. ತನ್ನದಲ್ಲದ ಕೆಲಸವನ್ನು ಅದು ಬಲ್ಲವರಿಗೇ ಬಿಟ್ಟುಕೊಡುತ್ತದೆ.

ಆದರೆ ಈ ಹಗುರವನ್ನು ಹೊಗಳುವವರು ಒಂದು ಲೆಕ್ಕ ಮರೆಯುತ್ತಾರೆ. 42 ಕೆ.ಬಿ. ಎಂಬುದು ಕೋಡಿನ ತೂಕ ಮಾತ್ರ. ಹಿನ್ನೆಲೆಯ ಚೌಕಗಳು ಬೇರೆಯೇ ಇಳಿಯಬೇಕು. ನಕ್ಷೆಯನ್ನು ಎಳೆದಾಗಲೆಲ್ಲ ಇನ್ನಷ್ಟು. ಹಳ್ಳಿಯ ನೆಟ್‌ವರ್ಕಿನಲ್ಲಿ ಸೋಲುವುದು ಅಲ್ಲಿಯೇ. ಕೊನೆಗೆ ಹಿನ್ನೆಲೆಯನ್ನೇ ಐಚ್ಛಿಕ ಮಾಡಿದೆ. ಪುಟ ತೆರೆದಾಗ ಕಾಣುವುದು ನಾನು ಉಪಗ್ರಹ ಚಿತ್ರದ ಮೇಲೆ ಎಳೆದುಕೊಂಡ ಕೆರೆಗಳ ಅಂಚು ಮತ್ತು ಕಲ್ಲುಗಳ ಚುಕ್ಕಿ ಮಾತ್ರ. ಆಕಾರ ಕೆಡದಂತೆ ಗೆರೆಯ ಬಿಂದುಗಳನ್ನು ಕಡಿಮೆ ಮಾಡುವ ಒಂದು ಪುಟ್ಟ ಲೈಬ್ರರಿಯೂ ಅಗಾಫೊನ್ಕಿನ್ ಅವರದ್ದೇ ಇದೆ. ಅದರಿಂದ ಅಂಚುಗಳನ್ನೂ ಸಣ್ಣದು ಮಾಡಿದೆ. ರಸ್ತೆ ಬೇಕಾದವರು ಒಂದು ಗುಂಡಿ ಒತ್ತಿದರೆ ಹಿನ್ನೆಲೆ ಬರುತ್ತದೆ. ಊರಿಲ್ಲದ, ದಾರಿಯಿಲ್ಲದ ಈ ನಕ್ಷೆ ಯಾರಿಗೆ ಅರ್ಥವಾದೀತು ಎಂಬ ಅನುಮಾನ ನನಗೇ ಇತ್ತು.

ಮಳೆಗಾಲ ಮುಗಿದ ಮೇಲೆ ಮತ್ತೆ ಅದೇ ಏರಿಗೆ ಹೋದೆ. ಕೆರೆ ತುಂಬಿತ್ತು. ಮೇಷ್ಟ್ರು ಅದೇ ಫೋನು ತೆಗೆದು ಲಿಂಕ್ ಒತ್ತಿದರು. ಈ ಸಲ ಕೈ ಮೇಲಕ್ಕೆತ್ತಬೇಕಾಗಲಿಲ್ಲ.

"ಇದ್ ನಮ್ ಕೆರೆನೇ ಅಲ್ವಾ? ಕೋಡಿ ಈ ಕಡೆ ಐತಲ್ಲ," ಎಂದು ಬೆರಳಿಟ್ಟು ತೋರಿಸಿದರು. ಊರಿನ ಹೆಸರು ಅವರಿಗೆ ಬೇಕಾಗಿರಲಿಲ್ಲ. ಕೆರೆಯ ಆಕಾರವೇ ಸಾಕಾಗಿತ್ತು. ಆಮೇಲೆ ದೇವಸ್ಥಾನದ ಹಿಂದಿನ ಚುಕ್ಕಿ ಮುಟ್ಟಿದರು, ಪೆಟ್ಟಿಗೆಯಲ್ಲಿದ್ದುದನ್ನು ನಿಧಾನವಾಗಿ ಓದಿದರು. ತಲೆ ಅಲ್ಲಾಡಿಸಿದರು.

"ಈ ಕಲ್ಲು ಇಲ್ಲಿದ್ದುದಲ್ಲ ಮೇಡಂ. ತೂಬಿನ ಹತ್ರ ಇತ್ತು. ರಸ್ತೆ ಅಗಲ ಮಾಡೋವಾಗ ನಾವೇ ಹುಡುಗರೆಲ್ಲ ಸೇರಿ ತಂದು ಇಲ್ಲಿ ನಿಲ್ಲಿಸಿದ್ವಿ."

ನನಗೆ ಎದೆ ಧಸಕ್ಕೆಂದಿತು. ರೈಸ್ ಸಂಪುಟದಲ್ಲಿ ಈ ಕಲ್ಲಿಗೆ ಊರಿನ ಹೆಸರಷ್ಟೇ ಇತ್ತು, ಜಾಗದ ವಿವರ ಇರಲಿಲ್ಲ. ಕಲ್ಲು ದೇವಸ್ಥಾನದ ಬಳಿ ಇದೆ, ಆದ್ದರಿಂದ ಕೆರೆಯ ಉಸ್ತುವಾರಿಯೂ ದೇವಸ್ಥಾನದ್ದೇ ಆಗಿದ್ದಿರಬೇಕು ಎಂದು ಮೂರನೇ ಅಧ್ಯಾಯದಲ್ಲಿ ಒಂದು ವಾದ ಕಟ್ಟಿದ್ದೆ. ಇಂಥ ನಾಲ್ಕು ಕಲ್ಲುಗಳು ಅದರ ಆಧಾರ. ಮಿಕ್ಕ ಮೂರು ಊರುಗಳಿಗೂ ಲಿಂಕ್ ಕಳಿಸಿ ವಿಚಾರಿಸಿದೆ. ಇನ್ನೊಂದು ಕಲ್ಲೂ ಜಾಗ ಬದಲಿಸಿತ್ತು.

ಈಗ ನಕ್ಷೆಯಲ್ಲಿ ಅಂಥ ಕಲ್ಲಿಗೆ ಎರಡು ಚುಕ್ಕಿಗಳಿವೆ: ಕಲ್ಲು ಇರುವ ಜಾಗ ಒಂದು, ಇದ್ದಿತೆಂದು ಊರಿನವರು ಹೇಳುವ ಜಾಗ ಇನ್ನೊಂದು. ಎರಡರ ನಡುವೆ ತುಂಡು ಗೆರೆ. ಅದನ್ನು ಎಳೆಯಲು ಕೋಡಿನಲ್ಲಿ ಒಂದು ಸಾಲು ಸಾಕಾಯಿತು. ಮೂರನೇ ಅಧ್ಯಾಯವನ್ನು ಮಾತ್ರ ಮೊದಲಿನಿಂದ ಬರೆಯುತ್ತಿದ್ದೇನೆ.