ಬಿಚ್ಚಿ ನೋಡದ ಬುತ್ತಿ

ನಮ್ಮ ಶಿಗ್ಗಾಂವದಲ್ಲಿ ಮೋಡ ಎಂದರೆ ಮಳೆ ಎಂದೇ ಅರ್ಥ. ಜೂನ್ ತಿಂಗಳಲ್ಲಿ ಪಡುವಣ ದಿಕ್ಕಿಗೆ ಮೋಡ ಕಟ್ಟಿತೆಂದರೆ ರೈತರ ಮುಖ ಅರಳುತ್ತದೆ. ಕಟ್ಟಿದ ಮೋಡ ಒಂದು ಹನಿಯನ್ನೂ ಉದುರಿಸದೆ ಹಾವೇರಿಯ ಕಡೆ ಹಾರಿಹೋದರೆ ಅದೇ ಮುಖ ಬಾಡುತ್ತದೆ. ಮೋಡವನ್ನು ನಂಬಿ ಸಾಲ ಮಾಡಿದವರ ಕಥೆಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಆದ್ದರಿಂದ 2019ರಲ್ಲಿ ಹುಬ್ಬಳ್ಳಿಯಿಂದ ನನ್ನ ತಂಗಿಯ ಮಗ ಬಂದು, "ಮಾಮಾ, ಇನ್ನ ಮ್ಯಾಲೆ ಸಂಘದ ಲೆಕ್ಕಾ ಎಲ್ಲಾ ಕ್ಲೌಡಿನಾಗ ಇಡೋಣು" ಎಂದಾಗ ನನಗೆ ಅಷ್ಟೇನೂ ಸಮಾಧಾನವಾಗಲಿಲ್ಲ.

ಸಂಘವೆಂದರೆ ನಮ್ಮ ಪೇಟೆಯ ಒಂದು ಸಣ್ಣ ಪತ್ತಿನ ಸಹಕಾರಿ ಸಂಘ. ಬಹಳ ವರ್ಷ ನಾನು ಅದರ ಕಾರ್ಯದರ್ಶಿಯಾಗಿದ್ದೆ. ನಿವೃತ್ತನಾದ ಮೇಲೂ ಸಲಹೆಗಾರನೆಂಬ ಹೆಸರಿನಲ್ಲಿ ಒಂದು ಕುರ್ಚಿ ಉಳಿಸಿಕೊಂಡಿದ್ದೇನೆ. ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಂದಿನಿಂದ ನಮ್ಮ ಕಡೆ ಸಂಘವೆಂಬುದು ಮನೆಮಾತು. ನಮ್ಮ ಸಂಘ ನಡೆಯುವುದು ಮುಖ್ಯವಾಗಿ ಪಿಗ್ಮಿ ಠೇವಣಿಯಿಂದ. 1928ರಲ್ಲಿ ಟಿ.ಎಂ.ಎ. ಪೈಯವರು ಉಡುಪಿಯಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಹೋಗಿ ಹಣ ಕೂಡಿಸುವ ಈ ಪದ್ಧತಿಯನ್ನು ಆರಂಭಿಸಿದರು. ಇಂದು ನಮ್ಮ ಪಿಗ್ಮಿಯವರು ಬೆಳಿಗ್ಗೆ ಏಳಕ್ಕೇ ಪೇಟೆಗಿಳಿದು ಕಾಯಿಪಲ್ಲೆ, ಹೂವು, ಎಲೆ ಮಾರುವವರಿಂದ ಇಪ್ಪತ್ತು, ಐವತ್ತು ರೂಪಾಯಿ ವಸೂಲು ಮಾಡುತ್ತಾರೆ. ಆ ಐವತ್ತು ರೂಪಾಯಿಯ ಹಿಂದೆ ಒಬ್ಬಳು ಮಗಳ ಮದುವೆಯೋ ಒಂದು ಹೊಲಿಗೆ ಯಂತ್ರವೋ ಇರುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಲೆಕ್ಕವೆಂದರೆ ಕಿರ್ದಿ ಮತ್ತು ಖತಾವಣಿ. ನನಗಿಂತ ಮೊದಲಿನ ಕಾರ್ಯದರ್ಶಿಗಳು ದಿನವೂ ಸಂಜೆ ಶಿಲ್ಕು ತಾಳೆ ನೋಡಿ, ಕಿರ್ದಿಯ ಕಾರ್ಬನ್ ಪ್ರತಿಯನ್ನು ಕೈಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಿದ್ದರು. ನಾವು ಹುಡುಗರು ನಗುತ್ತಿದ್ದೆವು. ಅವರು ಮಾತ್ರ, "ತಮ್ಮಾ, ಒಂದ ಸೂರಿನ ಕೆಳಗ ಎರಡು ಪುಸ್ತಕ ಇಟ್ರ ಅದು ಒಂದ ಪುಸ್ತಕ ಇದ್ದಂಗ" ಎನ್ನುತ್ತಿದ್ದರು. ಬೆಂಕಿ, ಗೆದ್ದಲು, ಸೋರುವ ಮಾಡು ಇವು ಮೂರೂ ಅವರಿಗೆ ಚೆನ್ನಾಗಿ ಗೊತ್ತಿದ್ದವು.

ಅಳಿಯ ಕ್ಲೌಡನ್ನು ನನಗೆ ವಿವರಿಸಿದ್ದು ವಾಡೆಯ ಉಪಮೆಯಿಂದ. ಮುಂಬಯಿಯಲ್ಲಿ ಒಂದು ದೊಡ್ಡ ವಾಡೆಯಿದೆ. ಅದರಲ್ಲಿ ಸಾವಿರಾರು ಬಲಿಷ್ಠ ಕಂಪ್ಯೂಟರುಗಳಿವೆ. ಒಂದೊಂದು ಕಂಪ್ಯೂಟರನ್ನೂ ಕೋಣೆಗಳಾಗಿ ಪಾಲು ಮಾಡಿ ಬಾಡಿಗೆಗೆ ಕೊಡುತ್ತಾರೆ. ಗೋಡೆ ಇಟ್ಟಿಗೆಯದಲ್ಲ, ತಂತ್ರಾಂಶದ್ದು. ಆದರೂ ಪಕ್ಕದ ಕೋಣೆಯವರಿಗೆ ನಮ್ಮದು ಕಾಣುವುದಿಲ್ಲ. ಇಂಥ ಒಂದು ಕೋಣೆಯೇ ವರ್ಚುವಲ್ ಸರ್ವರ್. ನಮ್ಮ ಲೆಕ್ಕಪತ್ರವೆಲ್ಲ ಅಲ್ಲಿಗೆ ಹೋಯಿತು.

"ಕಾರ್ಬನ್ ಪ್ರತಿ?" ಎಂದು ಕೇಳಿದೆ.

"ಅದಕ್ಕ ಬ್ಯಾಕಪ್ ಐತಿ ಮಾಮಾ. ದಿನಾ ರಾತ್ರಿ ಎರಡಕ್ಕ ತನ್ನಷ್ಟಕ್ಕ ತಾನ ಆಗತೈತಿ. ಮೂವತ್ತು ದಿನದ್ದು ಇಟಗೊಂಡು ಹಳೇದನ್ನ ತಾನ ಅಳಸತೈತಿ. ನೀವು ಅರಾಮ ಮಕ್ಕೋರಿ."

ನಾನು ಅರಾಮವಾಗಿಯೇ ಮಲಗಿದೆ. ಮೂರು ವರ್ಷ ಮಲಗಿದೆ.

2022ರ ಜುಲೈ 23, ಶನಿವಾರ. ಮರುದಿನ ರಜೆಯೆಂದು ಅಳಿಯ ಆ ಸಂಜೆ ಲೆಕ್ಕದ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಲು ಕುಳಿತ. ಅರ್ಧಕ್ಕೆ ಕೆಲಸ ನಿಂತಿತು. ದತ್ತಾಂಶದ ಕೋಷ್ಟಕಗಳು ಮುರಿದುಬಿದ್ದವು. ಅವನು ಗಾಬರಿಯಾಗಲಿಲ್ಲ. ಮೂವತ್ತು ದಿನದ ಮೂವತ್ತು ಪ್ರತಿ ಸಾಲಾಗಿ ನಿಂತಿದ್ದವಲ್ಲ! ತೀರ ಇತ್ತೀಚಿನದನ್ನು ತೆರೆದ. ಏನೂ ಇರಲಿಲ್ಲ. ಹಿಂದಿನದನ್ನು ತೆರೆದ. ಅದೂ ಬರಿದು. ಆಮೇಲೆ ಅವನು ಗಾತ್ರದ ಪಟ್ಟಿಯನ್ನು ನೋಡಿದ. ಮೂವತ್ತಕ್ಕೆ ಮೂವತ್ತೂ ಇಪ್ಪತ್ತು ಬೈಟಿನವು. ಮಳೆಗಾಲದ ತಣ್ಣನೆಯ ಸಂಜೆಯಲ್ಲಿ ಆ ಹುಡುಗ ಬೆವರಿದ್ದನ್ನು ನಾನು ಕಣ್ಣಾರೆ ಕಂಡೆ.

ಆದದ್ದು ಇಷ್ಟು. ಬ್ಯಾಕಪ್ಪಿನಲ್ಲಿ ಇಬ್ಬರು ಕೆಲಸಗಾರರು ಎಂದು ತಿಳಿಯಿರಿ. ಒಬ್ಬ ದತ್ತಾಂಶದ ಕೋಣೆಯಿಂದ ರೊಟ್ಟಿ ತೆಗೆದುಕೊಡುವವನು. ಇನ್ನೊಬ್ಬ ಅದನ್ನು ಒತ್ತಿ, ಸಣ್ಣದು ಮಾಡಿ, ಅರಿವೆಯಲ್ಲಿ ಬುತ್ತಿ ಕಟ್ಟುವವನು. ಜೂನ್ 6ರ ರಾತ್ರಿ, ಒಬ್ಬ ನೌಕರ ಕೆಲಸ ಬಿಟ್ಟನೆಂದು ಅಳಿಯ ದತ್ತಾಂಶದ ಗುಪ್ತಪದವನ್ನು ಬದಲಿಸಿದ್ದ. ತಂತ್ರಾಂಶಕ್ಕೆ ಹೊಸ ಗುಪ್ತಪದ ತಿಳಿಸಿದ. ಬ್ಯಾಕಪ್ಪಿನ ಕೆಲಸಗಾರನಿಗೆ ತಿಳಿಸಲು ಮರೆತ. ಅಂದಿನಿಂದ ಮೊದಲನೆಯವನನ್ನು ಬಾಗಿಲಲ್ಲೇ ತಡೆದರು. ಅವನ ಕೈ ಬರಿದು. ಎರಡನೆಯವನು ಅದನ್ನು ಕೇಳಲಿಲ್ಲ. ಬಂದಷ್ಟನ್ನು, ಎಂದರೆ ಏನೂ ಇಲ್ಲದ್ದನ್ನು, ಅಚ್ಚುಕಟ್ಟಾಗಿ ಕಟ್ಟಿ "ಕೆಲಸ ಮುಗಿಯಿತು" ಎಂದು ವರದಿ ಕೊಟ್ಟ. ಯಂತ್ರ ಕೇಳುತ್ತಿದ್ದುದು ಕೊನೆಯವನ ವರದಿಯನ್ನು ಮಾತ್ರ. ಇಪ್ಪತ್ತು ಬೈಟು ಎಂಬುದು ಬರೀ ಅರಿವೆಯ ತೂಕ.

ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಹಳೆಯದನ್ನು ಅಳಿಸುವ ಕೆಲಸ ಮಾತ್ರ ನಿಷ್ಠೆಯಿಂದ ನಡೆದಿತ್ತು. ಜೂನ್ 6ಕ್ಕೆ ಮುಂಚಿನ ಒಳ್ಳೆಯ ಪ್ರತಿಗಳನ್ನೆಲ್ಲ ಅದು ದಿನಕ್ಕೊಂದರಂತೆ ಎಸೆದು, ಜುಲೈ ಮೊದಲ ವಾರದಲ್ಲಿ ಕೊನೆಯದನ್ನೂ ಮುಗಿಸಿತ್ತು. ರೊಟ್ಟಿಯ ಬುತ್ತಿಗಳನ್ನೆಲ್ಲ ಬಿಸಾಕಿ ಬರಿಯ ಬುತ್ತಿಗಳನ್ನು ಕಾಪಾಡಿತ್ತು.

ನಮ್ಮನ್ನು ಬದುಕಿಸಿದ್ದು ಒಂದು ಮರೆವು. ಗುಪ್ತಪದ ಬದಲಿಸುವ ಮುನ್ನ, ಇರಲಿ ಎಂದು ಅಳಿಯ ಇಡೀ ಸರ್ವರಿನ ಡಿಸ್ಕಿನದು ಒಂದು ಸ್ನ್ಯಾಪ್‌ಶಾಟ್ ಕೈಯಾರೆ ತೆಗೆದಿಟ್ಟಿದ್ದ. ಜೂನ್ ತಿಂಗಳ ಬಿಲ್ಲಿನಲ್ಲಿ ಅದಕ್ಕೆ ಕೆಲವು ರೂಪಾಯಿ ಹೆಚ್ಚಿಗೆ ಬಿದ್ದದ್ದನ್ನು ನೋಡಿ, "ಇದ್ಯಾಕೆ ದಂಡ, ತಗದಬಿಡು" ಎಂದು ಗದರಿದವನು ನಾನೇ. ಅವನು ಹೂಂ ಎಂದು ಮರೆತಿದ್ದ. ಹೀಗಾಗಿ ಜೂನ್ 6ರ ವರೆಗಿನ ಲೆಕ್ಕ ಕೈಗೆ ಸಿಕ್ಕಿತು. ಮುಂದಿನ ನಲವತ್ತೇಳು ದಿನ ಮಾಯ.

ಭಾನುವಾರ ಆಡಳಿತ ಮಂಡಳಿ ಕೂಡಿತು. ಹೇಳಬೇಕೋ ಮುಚ್ಚಬೇಕೋ? ಸುದ್ದಿ ಹಬ್ಬಿದರೆ ಸೋಮವಾರ ಬೆಳಿಗ್ಗೆ ಎಲ್ಲರೂ ಹಣ ಹಿಂತೆಗೆಯಲು ಬಾಗಿಲಿಗೆ ಬರುತ್ತಾರೆ ಎಂಬ ಭಯ. ಸುಳ್ಳೇಕೆ ಹೇಳಲಿ, ಮುಚ್ಚೋಣ ಎಂದವರಲ್ಲಿ ನಾನೂ ಒಬ್ಬ. ಮೂಲೆಯಲ್ಲಿ ಕುಳಿತಿದ್ದ ಪಿಗ್ಮಿಯವರು ಎದ್ದು ತಮ್ಮ ಚೀಲದಿಂದ ಉದ್ದನೆಯ ಒಂದು ನೋಟುಬುಕ್ಕು ತೆಗೆದು ಮೇಜಿನ ಮೇಲಿಟ್ಟರು. ವಸೂಲಿಗೆ ಅವರಿಗೆ ಕೈಯಂತ್ರ ಕೊಟ್ಟಿದ್ದೆವು. ಆದರೂ ಅವರು ಪ್ರತಿದಿನ ಹೆಸರು, ಮೊತ್ತ ಬರೆಯುವುದನ್ನು ಬಿಟ್ಟಿರಲಿಲ್ಲ. ಖಾತೆದಾರರ ಪಾಸ್‌ಬುಕ್ಕಿನಲ್ಲೂ ಬರೆದು ಸಹಿ ಮಾಡುತ್ತಿದ್ದರು. ದಡ್ಡ ದುಡಿಮೆ ಎಂದು ಅದಕ್ಕೂ ನಾವು ನಕ್ಕಿದ್ದೆವು.

"ನನ್ನ ಬುಕ್ಕಿನ್ಯಾಗ ಎಲ್ಲಾ ಐತ್ರಿ. ಆದ್ರ ನಾ ಬರದದ್ದು ಖರೆ ಅಂತ ಹೇಳವ್ರು ಅವ್ರ ಅಲ್ರೀ? ಅವ್ರನ್ನ ಕರಸ್ರಿ" ಎಂದರು.

ಸೋಮವಾರ ಬಾಗಿಲಿಗೆ ಚೀಟಿ ಅಂಟಿಸಿದೆವು: ಗಣಕಯಂತ್ರದ ಲೆಕ್ಕ ಕೆಟ್ಟಿದೆ, ದಯವಿಟ್ಟು ಪಾಸ್‌ಬುಕ್ ತನ್ನಿ. ಮೊದಲು ಬಂದವಳು ಸವಣೂರಿನ ಎಲೆ ಮಾರುವ ಮುದುಕಿ. "ಸಾಹೇಬ್ರ, ನನ್ನ ರೊಕ್ಕ ಐತಿಲ್ರೀ?" ಎಂದಳು. ನಾನು ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳೇ ಸೆರಗಿನ ಗಂಟಿನಿಂದ ಪ್ಲಾಸ್ಟಿಕ್ ಕೊಟ್ಟೆ ತೆಗೆದು ಅದರಿಂದ ಪಾಸ್‌ಬುಕ್ಕು ಹೊರತೆಗೆದಳು. ಭಾನುವಾರಗಳನ್ನು ಬಿಟ್ಟು ನಲವತ್ತೊಂದು ದಿನ, ದಿನಕ್ಕೆ ಐವತ್ತರಂತೆ 2,050 ರೂಪಾಯಿ. ನೋಟುಬುಕ್ಕಿಗೂ ಪಾಸ್‌ಬುಕ್ಕಿಗೂ ಒಂದು ಪೈಸೆಯ ವ್ಯತ್ಯಾಸವಿಲ್ಲ. "ನಿಮ್ಮ ಬುಕ್ಕ ಹೋದ್ರ ಹೋಗ್ಲಿ ಬಿಡ್ರಿ, ನನ್ನ ಬುಕ್ಕ ಐತೆಲ್ಲ" ಎಂದು ನಮಗೇ ಸಮಾಧಾನ ಹೇಳಿ ಎಲೆಬುಟ್ಟಿ ಹೊತ್ತು ಹೋದಳು. ಮೂವರು ಕುಳಿತು ಹದಿಮೂರು ದಿನದಲ್ಲಿ ಎಲ್ಲವನ್ನೂ ಮತ್ತೆ ತುಂಬಿದೆವು. ಒಬ್ಬರೂ ಠೇವಣಿ ಹಿಂತೆಗೆಯಲಿಲ್ಲ.

ನಾವು ಹಳ್ಳಿಯವರು, ನಮಗೆ ಹೀಗಾಯಿತು ಎಂದುಕೊಂಡಿದ್ದೆ. ಅಳಿಯ ದೊಡ್ಡವರ ಕಥೆಗಳನ್ನು ಹೇಳಿದ. ಜಗತ್ತಿನ ತಂತ್ರಜ್ಞರೇ ತಮ್ಮ ಕೆಲಸ ಇಡುವ ಗಿಟ್‌ಲ್ಯಾಬ್ ಎಂಬಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರು ತಪ್ಪಿ ಮುಖ್ಯ ದತ್ತಾಂಶವನ್ನೇ ಅಳಿಸಿದನಂತೆ. ನಿತ್ಯದ ಬ್ಯಾಕಪ್ಪುಗಳು ಸದ್ದಿಲ್ಲದೆ ವಿಫಲವಾಗುತ್ತಿದ್ದವು; ವಿಫಲವಾಯಿತೆಂದು ಹೇಳುವ ಮಿಂಚಂಚೆಗಳೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಮುಂಚೆ ಒಬ್ಬರು ಬೇರೆ ಕೆಲಸಕ್ಕೆಂದು ತೆಗೆದಿದ್ದ ಸ್ನ್ಯಾಪ್‌ಶಾಟ್ ಅವರ ಮಾನ ಉಳಿಸಿತು. ಆದದ್ದನ್ನೆಲ್ಲ ಅವರು ಮುಚ್ಚದೆ ಜಗತ್ತಿಗೆ ಹೇಳಿದರೆಂಬುದು ನನಗೆ ಹಿಡಿಸಿತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರೊಂದು ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿಟ್ಟಿದ್ದ ಎಷ್ಟೋ ಗ್ರಾಹಕರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನಿನಲ್ಲಿ ಸರಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದು, ಸರಕಾರಿ ನೌಕರರ 858 ಟೆರಾಬೈಟು ಕಡತಗಳು ಬೇರೆಡೆ ಪ್ರತಿಯಿಲ್ಲದೆ ನಾಶವಾದವು. ಒಂದೇ ಸೂರು, ಎರಡು ಪುಸ್ತಕ! ನನಗೆ ಆ ಹಳೆಯ ಕಾರ್ಯದರ್ಶಿಗಳ ಕೈಚೀಲ ನೆನಪಾಯಿತು.

ಈಗ ನಮ್ಮ ವ್ಯವಸ್ಥೆ ಬದಲಾಗಿದೆ. ಇಂಥ ಸರ್ವರ್ ಇಟ್ಟುಕೊಂಡ ಸಂಘ, ಶಾಲೆ, ಅಂಗಡಿ ಇತ್ತೀಚೆಗೆ ನಮ್ಮ ಕಡೆಯೂ ಹೆಚ್ಚಿರುವುದರಿಂದ ಹೇಳಿಬಿಡುತ್ತೇನೆ.

ಮೊದಲನೆಯದು ಹೊತ್ತು. ‘ರಾತ್ರಿ ಎರಡಕ್ಕೆ’ ಎಂದು ಅಳಿಯ ಬರೆದಿದ್ದನಲ್ಲ, ಆ ಸರ್ವರಿನ ಗಡಿಯಾರ ನಮ್ಮದಾಗಿರಲಿಲ್ಲ, ಜಾಗತಿಕ ಸಮಯದ್ದು. ಅದರ ಎರಡು ಗಂಟೆ ಎಂದರೆ ನಮಗೆ ಬೆಳಗಿನ ಏಳೂವರೆ, ಪೇಟೆಯಲ್ಲಿ ವಸೂಲಿ ಶುರುವಾದ ಹೊತ್ತು. ಈಗ ಅಲ್ಲಿ ಸಂಜೆಯ ಎಂಟೂವರೆ ಎಂದು ಬರೆದಿದ್ದಾನೆ. ಇಲ್ಲಿ ನಡುರಾತ್ರಿ ದಾಟಿ ಎರಡಾಗುತ್ತದೆ.

ಎರಡನೆಯದು ಬಗೆ. ದಿನವೂ ದತ್ತಾಂಶದ ಪ್ರತಿ, ವಾರಕ್ಕೊಮ್ಮೆ ಇಡೀ ಡಿಸ್ಕಿನ ಸ್ನ್ಯಾಪ್‌ಶಾಟ್. ಸ್ನ್ಯಾಪ್‌ಶಾಟ್ ಮೊದಲ ಸಲ ಪೂರ್ತಿ ತೆಗೆದರೆ ಆಮೇಲೆ ಬದಲಾದ ಭಾಗಗಳನ್ನಷ್ಟೇ ತೆಗೆಯುತ್ತದೆ. ಖರ್ಚು ನಾನು ಹೆದರಿದಷ್ಟಿಲ್ಲ. ಆದರೆ ಬರೆಯುತ್ತಿರುವ ಕಿರ್ದಿಯ ಫೋಟೋ ತೆಗೆದರೆ ಕೊನೆಯ ಸಾಲು ಅರ್ಧ ಬಂದೀತು. ಅದಕ್ಕೇ ದತ್ತಾಂಶದ ಪ್ರತಿ ಬೇರೆ ಬೇಕು.

ಮೂರನೆಯದು ಜಾಗ. ಒಂದು ಪ್ರತಿ ಮುಂಬಯಿಯಲ್ಲಿ, ಇನ್ನೊಂದು ಹೈದರಾಬಾದಿನಲ್ಲಿ, ಅದೂ ಬೇರೆ ಖಾತೆಯಲ್ಲಿ, ಬೇರೆ ಬೀಗದಲ್ಲಿ. ಗೊತ್ತುಪಡಿಸಿದ ದಿನದ ವರೆಗೆ ಅದನ್ನು ಸ್ವತಃ ಅಳಿಯನೂ ಅಳಿಸಲಾರ. ಇಂದಿನ ಕಳ್ಳರು ಲೆಕ್ಕಕ್ಕೆ ಬೀಗ ಜಡಿದು ಹಣ ಕೇಳುವಾಗ ಮೊದಲು ಹುಡುಕುವುದು ಬ್ಯಾಕಪ್ಪನ್ನೇ ಅಂತೆ.

ನಾಲ್ಕನೆಯದು ಆಯುಷ್ಯ. ಇದಕ್ಕೆ ಅಜ್ಜ, ಅಪ್ಪ, ಮಗ ಎಂಬ ಪದ್ಧತಿಯಿದೆ. ದಿನದ ಪ್ರತಿ ಮಗ, ಏಳಿರುತ್ತಾರೆ. ವಾರದ್ದು ಅಪ್ಪ, ನಾಲ್ವರು. ತಿಂಗಳದ್ದು ಅಜ್ಜ, ಹನ್ನೆರಡು ಮಂದಿ. ಮಕ್ಕಳೆಲ್ಲ ಕೆಟ್ಟರೂ ಯಾರೋ ಒಬ್ಬ ಅಜ್ಜನ ಹತ್ತಿರ ಆಸ್ತಿ ಇರುತ್ತದೆ.

ಐದನೆಯದು ವರದಿ. ಇಬ್ಬರು ಕೆಲಸಗಾರರಲ್ಲಿ ಯಾರೊಬ್ಬ ತಪ್ಪಿದರೂ ಕೆಲಸ ಕೆಟ್ಟಿತೆಂದೇ ಯಂತ್ರ ತಿಳಿಯುವಂತೆ ಒಂದು ಸಾಲು ಸೇರಿಸಿದ್ದಾನೆ. ಗಾತ್ರ ನಿನ್ನೆಯದಕ್ಕಿಂತ ತೀರ ಕುಗ್ಗಿದರೆ ಕೂಗು ಬರುತ್ತದೆ. ಎಲ್ಲ ಸರಿಯಿದ್ದರೆ ಬೆಳಿಗ್ಗೆ ಆರಕ್ಕೆ ನನ್ನ ಮೊಬೈಲಿಗೆ ಒಂದು ಸಂದೇಶ. ಬಾರದಿದ್ದರೆ ನಾನು ಗಾಬರಿಯಾಗಬೇಕು. ಯಂತ್ರವೇ ಸತ್ತರೆ ಕೂಗುವವರಾರು? ಆದ್ದರಿಂದ ಈ ಏರ್ಪಾಟು.

ಇಷ್ಟೆಲ್ಲ ಮಾಡಿಯೂ ಆರನೆಯದನ್ನು ಬಿಟ್ಟರೆ ಕೆಟ್ಟಿರಿ. ಪ್ರತಿ ತಿಂಗಳ ಎರಡನೆಯ ಶನಿವಾರ ಅಳಿಯ ಒಂದು ಹೊಸ ಸರ್ವರನ್ನು ಕೆಲವು ತಾಸಿನ ಮಟ್ಟಿಗೆ ಬಾಡಿಗೆಗೆ ಹಿಡಿದು, ಹೈದರಾಬಾದಿನ ಪ್ರತಿಯಿಂದ ಇಡೀ ಸಂಘವನ್ನು ಅದರಲ್ಲಿ ಎಬ್ಬಿಸುತ್ತಾನೆ. ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡುತ್ತಾನೆ. ನಾನು ಐದು ಜನರ ಪಾಸ್‌ಬುಕ್ ತರಿಸಿ ಶಿಲ್ಕು ತಾಳೆ ನೋಡುತ್ತೇನೆ. ಸರಿಹೋದರೆ ಆ ಸರ್ವರನ್ನು ಕೆಡವಿಬಿಡುತ್ತಾನೆ. ಬುತ್ತಿಯನ್ನು ಬಿಚ್ಚಿ ನೋಡುವುದೆಂದರೆ ಇದೇ. ಕಟ್ಟುವ ಕೆಲಸವನ್ನು ಯಂತ್ರಕ್ಕೆ ವಹಿಸಬಹುದು. ರೊಟ್ಟಿ ಇದೆಯೇ ಎಂದು ನೋಡುವ ಕೆಲಸವನ್ನು ಮನುಷ್ಯನೇ ಇಟ್ಟುಕೊಳ್ಳಬೇಕು.

ನಮ್ಮ ತಾಲ್ಲೂಕಿನ ಶಿಶುವಿನಹಾಳದ ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಮೊದಲು ಉಳಿದದ್ದು ಜನರ ಬಾಯಿಯಲ್ಲಿ. ಭಜನೆಯಲ್ಲಿ ಒಬ್ಬ ನುಡಿ ಮರೆತರೆ ಪಕ್ಕದವನು ಎತ್ತಿಕೊಡುತ್ತಿದ್ದ. ಪ್ರತಿ ಹಲವು ಊರುಗಳಲ್ಲಿತ್ತು, ಮತ್ತು ಹಾಡಿ ಹಾಡಿ ಅದನ್ನು ನೋಡಿಕೊಳ್ಳುತ್ತಿದ್ದರು.

ಹೋದ ಎರಡನೆಯ ಶನಿವಾರ ಎಲೆ ಮಾರುವ ಮುದುಕಿಯ ಸರದಿ ಬಂದಿತ್ತು. ಕಂಪ್ಯೂಟರಿನ ಮೊತ್ತ ಓದಿದೆ. ಅವಳ ಮೊಮ್ಮಗಳು ಪಾಸ್‌ಬುಕ್ಕಿನಿಂದ ಓದಿದಳು. ಎರಡೂ ಒಂದೇ. "ಐತೇನ್ರಿ?" ಎಂದಳು ಅಜ್ಜಿ.

"ಐತವ್ವಾ" ಎಂದೆ. ಈ ಸಲ ನೋಡಿಯೇ ಹೇಳಿದ್ದೆ.